ಟೈಪಿಸ್ಟ್ ಮೇಡಂ ನಂಬದ ಟ್ಯಾಬ್

ಹೋದ ತಿಂಗಳು ನನ್ನ ಆಫೀಸಿಗೆ ಒಂದು ಹೊಸ ಮಿಷನ್ ತರೋಣವೆಂದು ಹಾಸನದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಒಂದು ಲ್ಯಾಪ್‌ಟಾಪನ್ನೂ ಒಂದು ಟ್ಯಾಬನ್ನೂ ಗಾಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, "ಯಾವ ಕೆಲ್ಸಕ್ಕೆ ಸಾ? ಬರೆಯೋದ್ ಜಾಸ್ತಿನಾ, ನೋಡೋದ್ ಜಾಸ್ತಿನಾ?" ಎಂದು ಕೇಳಿದ. ವಕೀಲಿ ಎಂದೆ. "ಅಂಗಾದ್ರೆ ಟ್ಯಾಬ್ ತಗೊಳಿ ಸಾ. ಈಗ ಯಾರ್ ಕುಂತ್ಕೊಂಡು ಟೈಪ್ ಮಾಡ್ತಾರೆ? ಬಾಯಲ್ಲಿ ಏಳಿದ್ರೆ ಅದೇ ಬರ್ಕೊತದೆ" ಎಂದ. ನಾನು ಸುಮ್ಮನೆ ನಿಂತದ್ದನ್ನು ನೋಡಿ, ಬೆಲೆ ಜಾಸ್ತಿಯಾಯಿತೆಂದು ಯೋಚಿಸುತ್ತಿದ್ದೇನೆ ಅಂದುಕೊಂಡಿರಬೇಕು. ನನ್ನ ಯೋಚನೆ ಬೇರೆ ಇತ್ತು. ಎಂಟು ತಿಂಗಳ ಹಿಂದೆ ಚನ್ನರಾಯಪಟ್ಟಣದಲ್ಲಿ ತೀರಿಕೊಂಡ ಒಬ್ಬ ಹೆಂಗಸು ನನ್ನ ಹಿಂದೆ ನಿಂತು, 'ಯಾರು ಹೇಳಿದ್ದನ್ನ ಬರ್ಕೊಳ್ತದಂತೆ? ಕೇಳಿ ಸ್ವಲ್ಪ' ಎಂದ ಹಾಗಾಯಿತು. ಆ ದಿನ ಏನನ್ನೂ ಕೊಳ್ಳದೆ ಬಸ್ಸು ಹತ್ತಿದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಿದ್ದರೆ, ನನ್ನ ಹೆಸರು ನಿಮಗೆ ಯಾಕೆ ಬೇಕಾಯಿತು, ಯಾರ್ಯಾರು ಓದುತ್ತಾರೆ ಎಂದು ಮೊದಲು ವಿಚಾರಿಸುತ್ತಿದ್ದರು. ಹೊಳೆನರಸೀಪುರದಲ್ಲಿ ನಾನು ಜೂನಿಯರ್ ಆಗಿ ಸೇರಿದ ವಕೀಲರ ಆಫೀಸಿನಲ್ಲಿ ಅವರು ಟೈಪಿಸ್ಟು. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಮ್ಮ ಸೀನಿಯರ್‌ನಿಂದ ಹಿಡಿದು ಹಳ್ಳಿಯಿಂದ ಬರುವ ಕಕ್ಷಿದಾರರವರೆಗೆ ಎಲ್ಲರಿಗೂ ಅವರು ಬರೀ 'ಮೇಡಂ'. ಸಣ್ಣ ಆಳು, ಗಂಜಿ ಹಾಕಿದ ಹತ್ತಿ ಸೀರೆ, ದಾರ ಕಟ್ಟಿದ ಕನ್ನಡಕ. ಕನ್ನಡಕವನ್ನು ಹಣೆಗೆ ಏರಿಸಿದರೆಂದರೆ ಯಾವುದೋ ಅನುಮಾನ ಬಂದಿದೆ ಎಂದು ಅರ್ಥ. ದಿನದ ಅರ್ಧ ಭಾಗ ಕನ್ನಡಕ ಹಣೆಯ ಮೇಲೆಯೇ ಇರುತ್ತಿತ್ತು.

ನಾನು ದುದ್ದದ ಕಡೆಯವನು. ಕರಿಕೋಟು ಹೊಲಿಸಿಕೊಂಡು ಆ ಆಫೀಸಿನ ಮೆಟ್ಟಿಲು ಹತ್ತಿದ ಮೊದಲ ದಿನ ಸೀನಿಯರ್ ಇನ್ನೂ ಬಂದಿರಲಿಲ್ಲ. "ಇವತ್ತಿಂದ ಬರೋಕೆ ಹೇಳಿದ್ದಾರೆ" ಎಂದೆ.

"ಯಾರು?"

"ಸರ್."

"ನಂಗೆ ಹೇಳಿಲ್ಲ. ವಕೀಲಿ ಸನ್ನದು ತೋರ್ಸಿ."

ಫೋನಿನಲ್ಲಿದ್ದ ಫೋಟೋ ತೋರಿಸಿದೆ. "ಫೋಟೋ ಯಾರಾದ್ರೂ ತೆಗೀಬಹುದು, ಅಸಲು ತನ್ನಿ" ಎಂದು ಬಾಗಿಲ ಹೊರಗಿನ ಬೆಂಚು ತೋರಿಸಿದರು. ಸೀನಿಯರ್ ಬರುವ ತನಕ ಕಕ್ಷಿದಾರರ ಸಾಲಿನಲ್ಲೇ ಕೂತಿದ್ದೆ. ಮಾರನೆಯ ದಿನ ಅಸಲು ಸನ್ನದು ತಂದು ತೋರಿಸಿದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಾಗೆ ನೋಡಿದರೆ ಏನು ತಿಳಿಯುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರ ಲ್ಯಾಪ್‌ಟಾಪಿನ ಮೇಲಂಚಿನಲ್ಲಿ ಕ್ಯಾಮೆರಾ ಇರುವ ಜಾಗಕ್ಕೆ ಒಂದು ಕಡುಗೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಅದು ಸವೆದರೆ ತಮ್ಮ ಪ್ಯಾಕೆಟ್ಟಿನಿಂದ ಇನ್ನೊಂದನ್ನು ತೆಗೆದು ಅಂಟಿಸುತ್ತಿದ್ದರು. ಹೋಟೆಲಿನಿಂದ ಕಾಫಿ ಬಂದರೆ ಮೊದಲು ಮೂಸಿ, "ಹಾಲು ಇವತ್ತಿಂದಾ?" ಎಂದು ಕೇಳುತ್ತಿದ್ದರು. "ಮೇಡಂ, ನಿಮ್ಮ ಟೈಪಿಂಗಲ್ಲಿ ಒಂದು ತಪ್ಪೂ ಸಿಗಲ್ಲ" ಎಂದು ಒಮ್ಮೆ ನಾನು ಹೊಗಳಿದೆ. ತಲೆ ಎತ್ತದೆ, "ಹುಡುಕಿದ್ರಾ?" ಎಂದರು. ನಾನು ಹುಡುಕಿರಲಿಲ್ಲ. ಅದು ಅವರಿಗೆ ಗೊತ್ತಿತ್ತು.

ಅವರ ಅನುಮಾನದ ಮುಖ್ಯ ಕೆಲಸ ನಡೆಯುತ್ತಿದ್ದದ್ದು ಕಕ್ಷಿದಾರರ ಎದುರು. ದಾವೆ ಇರಲಿ, ಅಫಿಡವಿಟ್ ಇರಲಿ, ಟೈಪು ಮಾಡಿ ಮುಗಿಸಿದ ಮೇಲೆ ಅದನ್ನು ಗಟ್ಟಿಯಾಗಿ ಓದಿ ಹೇಳದೆ ಯಾರ ಸಹಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ನಿಧಾನಕ್ಕೆ ಓದ್ತೀನಿ. ನೀವ್ ಹೇಳ್ದೇ ಇರೋ ಮಾತು ಬಂದ್ರೆ ಕೈ ಎತ್ತಿ" ಎಂದು ಶುರು ಮಾಡುವರು. ಯಾರೂ ಕೈ ಎತ್ತದಿದ್ದರೆ ಇನ್ನೂ ಅನುಮಾನ. ಓದುವುದನ್ನು ನಿಲ್ಲಿಸಿ, "ಈಗ ಓದಿದ್ದು ಏನು ಹೇಳಿ ನೋಡೋಣ" ಎನ್ನುವರು. ಬಸ್ಸಿಗೆ ಹೊತ್ತಾಯಿತು ಎಂದು ಒದ್ದಾಡುವ ಗೌಡರು, ಎಮ್ಮೆ ಕರೆಯುವ ಹೊತ್ತಾಯಿತು ಎನ್ನುವ ಹೆಂಗಸರು ಎಲ್ಲರೂ ಇಸ್ಕೂಲು ಮಕ್ಕಳ ಹಾಗೆ ಪಾಠ ಒಪ್ಪಿಸಿ ಹೋಗಬೇಕಾಗಿತ್ತು. ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಒಂದ್ಸಲ ಓದದೆ ಸೈನ್ ಹಾಕಿದ್ದೆ ವಕೀಲ್ರೇ. ಆಮೇಲಿಂದ ಓದ್ತಾನೇ ಇದೀನಿ" ಎಂದರು. ಅದು ಯಾವ ಕಾಗದ, ಯಾರು ಹಾಕಿಸಿದ್ದು ಎಂದು ಹೇಳಲಿಲ್ಲ. ಅವರ ಗಂಡನನ್ನಾಗಲಿ ಅಣ್ಣತಮ್ಮಂದಿರನ್ನಾಗಲಿ ನಾನು ಕಂಡಿಲ್ಲ. ವಯಸ್ಸಾದ ಅತ್ತಿಗೆಯೊಬ್ಬರ ಜೊತೆ ಇದ್ದರು ಎಂಬುದಷ್ಟೇ ಗೊತ್ತು.

ನಮ್ಮ ಸೀನಿಯರ್‌ಗೆ ಬೆಳಿಗ್ಗೆ ಹೊಳೆನರಸೀಪುರದಲ್ಲಿ ಒಂದು ಕೇಸಿದ್ದರೆ ಮಧ್ಯಾಹ್ನ ಅರಕಲಗೂಡಿನಲ್ಲಿ ಇನ್ನೊಂದು. ನಾಳೆ ಹಾಸನ, ನಾಡಿದ್ದು ಚನ್ನರಾಯಪಟ್ಟಣ. ಕಾರಿನ ಹಿಂದಿನ ಸೀಟಿನ ತುಂಬ ಫೈಲು. ಈ ಹೊರೆ ಸಾಕಾಗಿ ಅವರು ಒಂದು ದಿನ ಟ್ಯಾಬ್ ತಂದರು.

"ಲ್ಯಾಪ್‌ಟಾಪ್ ತೆರೀಬೇಕು ಅಂದ್ರೆ ಮೇಜು ಬೇಕು, ಚಾರ್ಜರ್ ಬೇಕು, ಕೂತ್ಕೊಳ್ಳೋಕೆ ಜಾಗ ಬೇಕು. ಇದು ನೋಡಿ, ಡೈರಿ ಇದ್ದಂಗಿದೆ. ಕೋರ್ಟಲ್ಲಿ ನಿಂತ್ಕೊಂಡೇ ಪುಟ ತಿರುಗಿಸಬಹುದು" ಎಂದು ಮೇಡಂಗೆ ತೋರಿಸಿದರು.

ಮೇಡಂ ಕನ್ನಡಕವನ್ನು ಹಣೆಗೇರಿಸಿದರು. "ಇದಕ್ಕೆ ಬೀಗ ಎಲ್ಲಿದೆ ಸರ್?"

"ಬೆರಳು ಇಟ್ಟರೆ ತೆಗೆಯುತ್ತೆ."

"ಯಾರ ಬೆರಳು?"

ಸೀನಿಯರ್ ನಕ್ಕರು. "ಆವತ್ತು ಟೈಪ್‌ರೈಟರ್ ತೆಗೆದು ಲ್ಯಾಪ್‌ಟಾಪ್ ತಂದಾಗಲೂ ಬೇಡ ಅಂದಿದ್ರಿ ನೀವು. ಈಗ ಅದಿಲ್ದೆ ಆಗಲ್ಲ ನಿಮಗೆ."

"ಇವತ್ತೂ ಬೇಡ ಅಂತೀನಿ. ನಿಮ್ಮ ಟ್ಯಾಬಿಗಿಂತ ಲ್ಯಾಪ್‌ಟಾಪ್ ವಾಸಿ ಅಷ್ಟೇ. ಇದ್ರಲ್ಲಿ ಒಂದಕ್ಷರ ಬೀಳ್ಬೇಕಾದ್ರೆ ನಾನು ಒತ್ತಬೇಕು. ನಾನ್ ಒತ್ತದೇ ಇರೋದು ಬೀಳಲ್ಲ."

ಸೀನಿಯರ್ ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು, 'ವಾದಿಯು ದಾವಾ ಸ್ವತ್ತಿನ ಶಾಂತಿಯುತ ಸ್ವಾಧೀನಾನುಭವದಲ್ಲಿದ್ದು' ಎಂದು ಶುರು ಮಾಡಿ ಅರ್ಧ ಪುಟ ಹೇಳಿದರು. ಟ್ಯಾಬ್ ಒಂದು ಒತ್ತಕ್ಷರವೂ ತಪ್ಪದೆ ಬರೆದುಕೊಂಡಿತು. ಮೇಡಂ ಅದನ್ನು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ.

"ಸರಿಯಾಗೇ ಬರೆದೈತೆ. ನಿಮ್ಮದು ಪುಸ್ತಕದ ಮಾತು ಸರ್, ಅದಕ್ಕೆ ಅರ್ಥ ಆಯ್ತು. ನಮ್ಮ ಕಕ್ಷಿದಾರ್ರು ಅಂಗೆ ಮಾತಾಡ್ತಾರಾ? 'ಅವನು ಓದ' ಅಂತಾರೆ. ಪುಸ್ತಕ ಓದಿದ್ನಾ, ಊರಿಗೆ ಹೋದ್ನಾ? ನಾನು ಕೇಳ್ತೀನಿ. ಇದು ಕೇಳುತ್ತಾ?" ಎಂದರು. ಆಮೇಲೆ ಟ್ಯಾಬನ್ನು ಮೇಜಿನ ಮೇಲೆ ಮಗುಚಿಟ್ಟು, "ಇದಕ್ಕೆ ಕಿವಿ ಐತೆ, ಊರಿಲ್ಲ" ಎಂದರು.

ಅವರ ಮಾತು ನಿಜವೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಪದದ ಮೊದಲಿಗೆ ಬರುವ ಹಕಾರವನ್ನು ಯಾರೂ ನುಡಿಯುವುದಿಲ್ಲ. ಹಾಲು ಆಲು, ಹೊಲ ಒಲ, ಹೇಳಿದ್ದು ಏಳಿದ್ದು. ನಮ್ಮವ್ವ ನನ್ನ ತಮ್ಮನನ್ನು ಹೊಡೆದಾಗಲೆಲ್ಲ ಅಜ್ಜಿ, "ಮಗೀಗೆ ಯಾಕಮ್ಮಿ ಒಡೀತೀಯ?" ಎಂದು ಅಡ್ಡ ಬರುತ್ತಿದ್ದಳು. ಅದನ್ನು ಕೇಳಿ ಬೆಳೆದವನು ನಾನು. ಆದ್ದರಿಂದ ಮುಂದೆ ನಡೆದದ್ದಕ್ಕೆ, ನನಗೆ ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಆದರೂ ಹೇಳಿದೆ.

ಆ ದಿನ ಮೇಡಂ ರಜ ಹಾಕಿದ್ದರು. ಅರಕಲಗೂಡಿನ ಆಚೆಯ ಹಳ್ಳಿಯಿಂದ ಜವರಮ್ಮ ಎಂಬ ಹೆಂಗಸು ಬಂದಿದ್ದಳು. ಗಂಡ ಸತ್ತು ನಾಲ್ಕು ವರ್ಷ. ಮಕ್ಕಳಿಲ್ಲ. ಒಂದೇ ಮನೆಯ ಅರ್ಧ ಭಾಗದಲ್ಲಿ ಇವಳು, ಇನ್ನರ್ಧದಲ್ಲಿ ಗಂಡನ ತಮ್ಮ. ಅವನಿಗೆ ಇವಳ ಭಾಗವೂ ಬೇಕಾಗಿತ್ತು. ಅವನು ಇವಳನ್ನು ಹೊರಹಾಕದಂತೆ ಕೋರ್ಟಿನಿಂದ ತಡೆಯಾಜ್ಞೆ ತರಬೇಕು, ಅದೂ ಆ ದಿನವೇ ಅರ್ಜಿ ಹಾಕಬೇಕು. ಸೀನಿಯರ್ ಟ್ಯಾಬನ್ನು ನನ್ನ ಕೈಗೆ ಕೊಟ್ಟು, "ಹೇಳಿಕೆ ತಗೊಳಿ, ಬೇಗ" ಎಂದು ಇನ್ನೊಂದು ಕೇಸಿಗೆ ಹೋದರು. ನಾನು ಟ್ಯಾಬನ್ನು ಅವಳ ಮುಂದೆ ಹಿಡಿದೆ.

"ಮೂರ್ ದಿವ್ಸದಿಂದ ಒತ್ತಾರೆನೇ ಬತ್ತನೆ ಸಾ. ಓಗು ಆಚ್ಗೆ, ಓಗು ಆಚ್ಗೆ ಅಂತ ಒಂದೇ ಸಮ ಕೂಗ್ತನೆ. ನಿನ್ನೆ ಬಂದ್ಬುಟ್ಟು ಬಾಗ್ಲು ಒಡೆದ. ನಾನು ಅಗುಳಿ ಆಕ್ಕೊಂಡು, ಉಸ್ರು ಬುಡ್ದಂಗೆ ಒಳಗೇ ಕುಂತಿದ್ದೆ" ಎಂದಳು.

ಟ್ಯಾಬ್ 'ಬಾಗಿಲು ಒಡೆದ' ಎಂದು ಬರೆದುಕೊಂಡಿತು. ನಾನು ಆ ಪದವನ್ನು ನೋಡಿದೆ. ಬಾಗಿಲನ್ನು ಹೊಡೆದ, ದಬದಬ ಬಡಿದ ಎಂಬುದು ಅವಳ ಮಾತಿನ ಅರ್ಥ. ಒಳಗಿನಿಂದ ಅಗುಳಿ ಹಾಕಿಕೊಂಡು ಕೂತೇ ಇದ್ದಳು ಎಂದಮೇಲೆ ಅವನು ಬಾಗಿಲು ಒಡೆದು ಒಳಗೆ ಬಂದಿರಲು ಸಾಧ್ಯವೇ ಇಲ್ಲ. 'ಬಡಿದನೋ, ಮುರಿದನೋ?' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಬಾಗಿಲು ಒಡೆದ ಎಂದರೆ ಅರ್ಜಿಗೆ ಬಲ ಬರುತ್ತದೆ ಎನ್ನಿಸಿತು. ಪದವನ್ನು ಹಾಗೇ ಬಿಟ್ಟೆ. ಅಗುಳಿಯ ಮಾತು ಅದಕ್ಕೆ ಹೊಂದುತ್ತಿರಲಿಲ್ಲ. ಅದನ್ನು ಅಳಿಸಿ ಪ್ರಿಂಟು ತೆಗೆದೆ. ಓದಿ ಹೇಳದೆ ಅವಳ ಸಹಿ ಹಾಕಿಸಿದೆ. ಸೀನಿಯರ್ ಬಂದು ಕಣ್ಣಾಡಿಸಿ, "ಬಾಗಿಲೇ ಒಡೆದ್ನಾ? ಭಲೇ" ಎಂದರು. ಸಂಜೆಯೊಳಗೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ನನಗೆ ಹೆಮ್ಮೆಯಾಗಿತ್ತು.

ಮಾರನೆಯ ದಿನ ಮೇಡಂ ಆಫೀಸ್ ಕಾಪಿಯನ್ನು ಓದಿದರು. ಕನ್ನಡಕ ಹಣೆಗೆ ಹೋಯಿತು.

"ಬಾಗ್ಲು ಒಡೆದ್ಮೇಲೆ ಅವನು ಒಳಗೆ ಬರ್ಲಿಲ್ವಾ? ಅವಳು ರಾತ್ರಿ ಎಲ್ಲಿ ಮಲಗಿದ್ಲು? ರಿಪೇರಿ ಯಾರು ಮಾಡ್ಸಿದ್ರು? ಇದ್ರಲ್ಲಿ ಏನೂ ಇಲ್ವಲ್ಲ ವಕೀಲ್ರೇ."

"ಅರ್ಜೆಂಟಿತ್ತು ಮೇಡಂ."

"ನೀವು ಅವಳನ್ನ ಕೇಳಿದ್ರಾ?"

"ಕೇಳಿದೆ."

"ಏನಂದ್ಲು?"

"ಒಡೆದ ಅಂದ್ಲು."

ಕೇಳಿದೆ ಎಂದದ್ದು ಸುಳ್ಳು. ಕೊನೆಯ ಮಾತಿನಲ್ಲಿ ಮಾತ್ರ ಅಕ್ಷರವೂ ಸುಳ್ಳಿರಲಿಲ್ಲ. ಮೇಡಂ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕಾಪಿಯನ್ನು ಫೈಲಿಗೆ ಸೇರಿಸಿದರು.

ಮುಂದಿನ ವಾಯಿದೆಗೆ ಸೀನಿಯರ್ ಬದಲು ನಾನು ಹೋಗಿದ್ದೆ. ಎದುರು ಪಾರ್ಟಿಯ ವಕೀಲರು ಬಾಗಿಲಿನ ಫೋಟೋಗಳನ್ನು ತಂದರು. ಹಳೆಯ ಹಲಸಿನ ಮರದ ಬಾಗಿಲು, ಒಂದು ಬಿರುಕೂ ಇಲ್ಲ. ಜವರಮ್ಮ ಕೋರ್ಟಿನಲ್ಲೇ ಇದ್ದಳು. ನ್ಯಾಯಾಧೀಶರು ಅವಳನ್ನೇ ಮುಂದೆ ಕರೆದು, ಫೋಟೋ ತೋರಿಸಿ, "ಬಾಗಿಲು ಒಡೆದಿದೆ ಅಂತ ಬರೆಸಿದ್ದೀಯಲ್ಲಮ್ಮ, ಎಲ್ಲಿ ಒಡೆದಿದೆ?" ಎಂದು ಮೃದುವಾಗಿಯೇ ಕೇಳಿದರು.

ಜವರಮ್ಮ ಫೋಟೋ ನೋಡಿ, "ಒಡೆದಿಲ್ಲ ಸ್ವಾಮಿ" ಎಂದಳು. ಆಮೇಲೆ ಗಟ್ಟಿಯಾಗಿ, "ಒಡೆದ" ಎಂದಳು.

"ಯಾವುದು ಸರಿ? ಒಡೆದಿಲ್ಲವೋ, ಒಡೆದನೋ?"

"ಒಡೆದಿಲ್ಲ ಸ್ವಾಮಿ, ಒಡೆದ! ಕೈಯಾಗೆ ಒಡೆದ!"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಬೆಂಚಿನ ಮೇಲೆ ಕೂತಿದ್ದ ವಕೀಲರು ನಕ್ಕರು, ಹಿಂದೆ ನಿಂತಿದ್ದ ಅವಳ ಊರಿನವರೂ ನಕ್ಕರು. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಮುಂದೆ ಬಂದು, 'ಸ್ವಾಮಿ, ಅವರು ಹೊಡೆದ ಎನ್ನುತ್ತಿದ್ದಾರೆ' ಎನ್ನಬಹುದಾಗಿತ್ತು. ಹಾಗೆಂದರೆ ಅರ್ಜಿ ಬರೆದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಫೈಲು ನೋಡುತ್ತಾ ನಿಂತೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾಳೆ ಎಂಬ ಕಾರಣಕ್ಕೆ ತಡೆಯಾಜ್ಞೆ ತೆರವಾಯಿತು. ಮಾರನೆಯ ದಿನ ಅವಳು ನೀರು ತರಲು ಹೋದಾಗ ಮೈದುನ ಆ ಬಾಗಿಲಿಗೆ ಬೀಗ ಜಡಿದ. ಜವರಮ್ಮ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಹಿರೀಸಾವೆಯಲ್ಲಿದ್ದ ತಂಗಿಯ ಮನೆಗೆ ಹೋದಳು.

ಆಫೀಸಿನಲ್ಲಿ ಸೀನಿಯರ್ ಟ್ಯಾಬನ್ನು ಬೈದರು. ನಾನೂ ದನಿಗೂಡಿಸಿದೆ. ಆ ಭಾನುವಾರ ಮೇಡಂ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಹಿರೀಸಾವೆಗೆ ಹೋದರು. ಜವರಮ್ಮನ ತಂಗಿಯ ಮನೆಯ ಜಗಲಿಯ ಮೇಲೆ ಕೂತು ಮೊದಲಿಂದ ಎಲ್ಲ ಕೇಳಿ, ಬರೆದು, ಓದಿ ಹೇಳಿ, ಅವಳಿಂದ ತಿರುಗಿ ಹೇಳಿಸಿದರು. ಯಾರೂ ಅವರನ್ನು ಕಳಿಸಿರಲಿಲ್ಲ. ಸೋಮವಾರ ಬಂದು ಆ ಕಾಗದವನ್ನು ಸೀನಿಯರ್ ಮುಂದೆ ಇಟ್ಟರು.

"ಬಾಗ್ಲು ಬಡಿದು ಬೆದರ್ಸಿದ್ದೇ ಸಾಕಾಗಿತ್ತಲ್ಲ ಸರ್ ತಡೆಯಾಜ್ಞೆಗೆ? ಒಡೀಬೇಕಾಗೇ ಇರ್ಲಿಲ್ಲ."

"ಹೌದು, ಸಾಕಾಗ್ತಿತ್ತು" ಎಂದರು ಸೀನಿಯರ್. ನನಗೆ ತಲೆ ಎತ್ತಲಾಗಲಿಲ್ಲ. "ಹೊಸದಾಗಿ ಅರ್ಜಿ ಹಾಕೋಣ. ಮಿಷನ್ ತಪ್ಪಾಗಿ ಬರೆದುಕೊಂಡಿತು ಅಂತ ನಾನೇ ವಾದ ಮಾಡ್ತೀನಿ."

"ಮಿಷನ್ ಪ್ರಮಾಣ ಮಾಡಕ್ಕಾಗಲ್ಲ ಸರ್. ಮನುಷ್ಯರು ಮಾಡ್ಬೇಕು."

ಇಬ್ಬರೂ ನನ್ನ ಕಡೆ ನೋಡಿದರು. ಹೇಳಿಕೆ ತೆಗೆದುಕೊಂಡವನು ನಾನು, ನಾನೇ ಅಫಿಡವಿಟ್ ಹಾಕಬೇಕು ಎಂದಾಯಿತು. ಮೇಡಂ ಲ್ಯಾಪ್‌ಟಾಪ್ ತೆರೆದರು. ನಾನು ಹೇಳುತ್ತಾ ಹೋದೆ: ಅರ್ಜಿದಾರರ ಆಡುಮಾತನ್ನು ಉಪಕರಣವು ತಪ್ಪಾಗಿ ದಾಖಲಿಸಿತು, ಅರ್ಜಿದಾರರಿಗೆ ಅದನ್ನು ಓದಿ ಹೇಳಲಿಲ್ಲ, ಆ ತಪ್ಪು ನನ್ನ ಗಮನಕ್ಕೆ ಬರಲಿಲ್ಲ.

ಬರೆದು ಮುಗಿಸಿ ಎಲ್ಲರಿಗೂ ಓದಿದ ಹಾಗೆ ನನಗೂ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಂತರು.

"'ಗಮನಕ್ಕೆ ಬರಲಿಲ್ಲ.' ಇದೇನಾ ನೀವ್ ಹೇಳೋದು?"

"ಹೌದು ಮೇಡಂ."

ಮೇಡಂ ಕೀಲಿಗಳ ಮೇಲಿನಿಂದ ಬೆರಳು ತೆಗೆಯಲಿಲ್ಲ. ಹೊರಗೆ ಯಾವುದೋ ಬಸ್ಸು ಹಾರನ್ ಮಾಡುತ್ತಾ ಹೋಯಿತು. "ಬದಲಾಯಿಸ್ಬೇಕಾದ್ರೆ ಈಗ ಬದಲಾಯಿಸ್ಬಹುದು. ಇನ್ನೂ ಪ್ರಿಂಟ್ ಕೊಟ್ಟಿಲ್ಲ."

"ಬೇಡ, ಸರಿಯಾಗಿದೆ" ಎಂದೆ.

ಪ್ರಿಂಟು ಕೊಟ್ಟರು. ನಾನು ಸಹಿ ಹಾಕಿದೆ. ಎರಡು ತಿಂಗಳಾದ ಮೇಲೆ ಜವರಮ್ಮನಿಗೆ ತಡೆಯಾಜ್ಞೆ ಮತ್ತೆ ಸಿಕ್ಕಿತು, ಬೀಗ ತೆಗೆಸಿದರು, ಅವಳು ಮನೆಗೆ ಹೋದಳು. ಎಲ್ಲ ಸರಿಹೋಯಿತು ಎಂದುಕೊಂಡೆ.

ಅಂದಿನಿಂದ ಮೇಡಂ ನಾನು ಬರೆಸಿದ ಯಾವ ಕಾಗದವನ್ನೂ ನನ್ನ ಸಹಿ ಇಲ್ಲದೆ ಮುಂದಕ್ಕೆ ಬಿಡಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಅಲ್ಲ, ಪ್ರತಿ ಪುಟದ ಕೆಳಗೆ. ಬೇರೆ ಜೂನಿಯರ್‌ಗಳು ಬಂದರು, ಹೋದರು. ಅವರಿಗೆ ಈ ಕಟ್ಟಳೆ ಇರಲಿಲ್ಲ. ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ದಿನವೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟ್ಯಾಬನ್ನು ಮಾತ್ರ ಅವರು ಮೂಲೆಗೆ ಎಸೆಯಲಿಲ್ಲ. ಸೀನಿಯರ್ ಅದನ್ನು ಮುಟ್ಟುವುದನ್ನೇ ಬಿಟ್ಟ ಮೇಲೆ ಒಂದು ದಿನ ತಾವೇ ಕೇಳಿ ಇಸಿದುಕೊಂಡರು. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದ್ದನ್ನು ಅದಕ್ಕೆ ಹಾಕಿ, ಅಕ್ಷರವನ್ನು ದಪ್ಪ ಮಾಡಿ, ಓದು ಬರುವ ಕಕ್ಷಿದಾರರ ಕೈಗೇ ಕೊಡತೊಡಗಿದರು. "ಲ್ಯಾಪ್‌ಟಾಪಿನ ಮುಖ ಯಾವಾಗ್ಲೂ ಬರೆಯೋರ ಕಡೆಗೆ. ಎದುರಿಗೆ ಕೂತೋರಿಗೆ ಬೆನ್ನು ಮಾತ್ರ ಕಾಣ್ತದೆ. ಬರೆಯೋಕೆ ಅದಿರ್ಲಿ, ಓದ್ಸೋಕೆ ಇದಿರ್ಲಿ" ಎಂದರು. ಅಷ್ಟು ಮಾಡಿಯೂ ನಂಬಿಕೆ ಇಲ್ಲ. ಓದುವವರ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. "ಮೂರನೇ ಸಾಲಲ್ಲಿ ಏನಿತ್ತು?" ಎಂದು ಥಟ್ಟನೆ ಕೇಳುತ್ತಿದ್ದರು.

ಕಣ್ಣು ಮಂಜಾಗಿ, ಸಕ್ಕರೆ ಕಾಯಿಲೆ ಕಾಲಿಗೆ ಇಳಿದ ಮೇಲೆ ಅವರು ಕೆಲಸ ಬಿಟ್ಟರು. ನಾನೂ ಸೀನಿಯರ್ ಆಫೀಸು ಬಿಟ್ಟು ನನ್ನದೇ ಒಂದು ಸಣ್ಣ ಆಫೀಸು ಮಾಡಿಕೊಂಡಿದ್ದೆ. ಅವರಿಗೆ ಮೈಯಲ್ಲಿ ಚೆನ್ನಾಗಿಲ್ಲವೆಂದು ಕೇಳಿ ಕಳೆದ ವರ್ಷ ಚನ್ನರಾಯಪಟ್ಟಣಕ್ಕೆ ಹೋದೆ. ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅತ್ತಿಗೆ ನೀರು ತಂದಿಟ್ಟು ಒಳಗೆ ಹೋದರು. ಊರಿನ ಮಾತು, ಕೋರ್ಟಿನ ಮಾತು ಮುಗಿದ ಮೇಲೆ ನಾನು ಹೇಳಿಬಿಟ್ಟೆ.

"ಮೇಡಂ, ಜವರಮ್ಮನ ಕೇಸಲ್ಲಿ ಆ ಪದ ನನ್ನ ಗಮನಕ್ಕೆ ಬಂದಿತ್ತು. ಗೊತ್ತಿದ್ದೇ ಬಿಟ್ಟಿದ್ದೆ."

ಅವರಿಗೆ ಆಶ್ಚರ್ಯವಾಗಲಿಲ್ಲ. ಕಣ್ಣು ಕಿರಿದು ಮಾಡಿ, "ಈಗ್ಯಾಕೆ ಹೇಳ್ತಿದೀರಿ? ನಾನು ಸಾಯ್ತೀನಿ ಅಂತ ಯಾರಾದ್ರೂ ಹೇಳಿದ್ರಾ?" ಎಂದರು.

"ನಿಮಗೆ ಗೊತ್ತಿತ್ತಾ?"

"ಕೋರ್ಟಲ್ಲಿ ಅದು ಬಿದ್ದೋದ ದಿನ ಆ ಟ್ಯಾಬ್ ತೆಗೆದು ನೋಡಿದೆ. ನೀವು ಅಳಿಸೋಕೆ ಮುಂಚಿನ ಪ್ರತೀನೂ ಅದ್ರಲ್ಲಿ ಉಳ್ದಿತ್ತು, ಅವಳು ಹೇಳಿದ್ದೆಲ್ಲ ಅಂಗೇ ಇತ್ತು. ಅಗುಳಿ ಹಾಕ್ಕೊಂಡು ಕುಂತಿದ್ದೆ ಅನ್ನೋದೂ ಇತ್ತು. ನಿಮ್ಮ ಪ್ರಿಂಟಲ್ಲಿ ಅಗುಳಿ ಇರ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡರು. "ಆ ಮಿಷನ್ ತಪ್ಪಾಗಿ ಕೇಳಿಸ್ಕೊಳ್ತು ವಕೀಲ್ರೇ. ಸುಳ್ಳು ಹೇಳ್ಲಿಲ್ಲ."

"ಮತ್ತೆ ನನ್ನ ಅಫಿಡವಿಟ್ ಟೈಪು ಮಾಡಿದ್ರಲ್ಲ?"

"ಮಾಡಿದೆ. ಅವಳಿಗೆ ಮನೆ ಬೇಕಾಗಿತ್ತು. ಎರಡು ಸಲ ಕೇಳಿದೆ, ನೀವು ಹೌದು ಅಂದ್ರಿ. ಅದು ನಂಗೂ ಇಷ್ಟು ವರ್ಷ ಮುಳ್ಳು ಇದ್ದಂಗೇ ಐತೆ."

"ಕ್ಷಮಿಸಿ ಮೇಡಂ" ಎಂದೆ.

"ನಂಗ್ಯಾಕೆ ಹೇಳ್ತೀರಿ? ಬಾಗ್ಲು ನಂದಾ?" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಮೂರು ದಿನ ಬಿಟ್ಟು ನಾನು ಅರಕಲಗೂಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜವರಮ್ಮನ ಊರಿಗೆ ಹೋದೆ. ಅವಳು ಅಂಗಳದಲ್ಲಿ ಶುಂಠಿಯ ಮಣ್ಣು ಉದುರಿಸುತ್ತಾ ಕೂತಿದ್ದಳು. "ಬನ್ನಿ ಸಾ, ಕುಂತ್ಕೊಳಿ" ಎಂದು ಮಣೆ ಕೊಟ್ಟಳು. ಕೂತುಕೊಳ್ಳದೆ ನಿಂತೇ ಎಲ್ಲ ಹೇಳಿದೆ. ಟ್ಯಾಬ್ ಹೇಗೆ ಬರೆದುಕೊಂಡಿತು, ನಾನು ಹೇಗೆ ನೋಡಿಯೂ ಬಿಟ್ಟೆ, ಅಗುಳಿಯ ಮಾತನ್ನು ಹೇಗೆ ಅಳಿಸಿದೆ. ಅವಳ ಕೈ ನಿಂತಿತು.

"ಅಂಗಾದ್ರೆ ಕೋರ್ಟಾಗೆ ಎಲ್ರೂ ನಗ್ತಿದ್ರಲ್ಲ, ಆವಾಗ ನೀನು ಎಲ್ಲ ತಿಳ್ಕೊಂಡೇ ನಿಂತಿದ್ದಾ?" ಎಂದು ಕೇಳಿದಳು. ಸಾ ಹೋಗಿತ್ತು, ನೀವೂ ಹೋಗಿತ್ತು.

"ಹೂಂ" ಎಂದೆ.

"ಇವತ್ತಿಗೂ ಈ ಊರಾಗೆ ನಂಗೆ 'ಒಡೆದಿಲ್ಲ ಒಡೆದ' ಅಂತಾನೆ ಎಸ್ರು ಕಣಪ್ಪ. ನಲ್ಲಿ ತಾವ್ಕೆ ಓದ್ರೆ ಐಕ್ಳು ಕೂಗ್ತವೆ. ಮನೆ ಬಂತು, ಸರಿ. ಈ ಎಸ್ರನ್ನ ಯಾವ ಕೋರ್ಟು ತೆಗೀತದೆ ಏಳು? ನಾನು ಬುದ್ಧಿಯಿಲ್ದೋಳು, ನೆಟ್ಟಗೆ ಮಾತಾಡಕ್ಕೆ ಬರಲ್ಲ, ಅದಕ್ಕೇ ಇಂಗಾಯ್ತು ಅಂತ ಇಷ್ಟ್ ವರ್ಷ ನನ್ನ ನಾನೇ ಬೈಕೊಂಡಿವ್ನಿ ಕಣ್ಲಾ!"

ಆಮೇಲೆ ಅವಳು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಅವರ ಮುಂದೆಯೂ ನಿಲ್ಲಿಸಲಿಲ್ಲ. ಅವರಿಗೂ ಕೇಳಲಿ ಎಂದು ನಾನು, "ಆ ಮಾತು ಇವರದ್ದಲ್ಲ, ತಪ್ಪು ಬರೆದವನು ನಾನು" ಎಂದು ಗಟ್ಟಿಯಾಗಿ ಹೇಳಿದೆ. ಜವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಓಗು, ಬಸ್ಸಿಗೆ ಒತ್ತಾಯ್ತು ನಿಂಗೆ" ಎಂದಳು.

ಚನ್ನರಾಯಪಟ್ಟಣಕ್ಕೆ ಮತ್ತೆ ಹೋಗಿ ಮೇಡಂಗೆ ಹೇಳಿದೆ. ಮೊದಲಿಗಿಂತ ಇನ್ನೂ ಇಳಿದುಹೋಗಿದ್ದರು.

"ಹೋಗಿದ್ರಾ? ನಿಜವಾಗ್ಲೂ?"

"ಹೋಗಿದ್ದೆ ಮೇಡಂ."

"ಯಾವ ಬಸ್ಸಲ್ಲಿ?"

ಬಸ್ಸು ಹೇಳಿದೆ. ಅವರು ದಿಂಬಿನ ಕೆಳಗಿನಿಂದ ಫೋನು ತೆಗೆದು, ಕಣ್ಣಿನ ಹತ್ತಿರ ಹಿಡಿದು ಹುಡುಕಿ, ನನ್ನ ಎದುರಿಗೇ ಜವರಮ್ಮನಿಗೆ ಫೋನು ಮಾಡಿದರು. ನನಗೂ ಕೇಳಿಸುವ ಹಾಗೆ ದನಿ ಹೆಚ್ಚಿಸಿದರು.

"ಜವರಮ್ಮ, ವಕೀಲ್ರು ಬಂದಿದ್ರಾ ನಿಮ್ಮನೆ ಹತ್ರ?"

"ಬಂದಿದ್ರು ಕಣಮ್ಮ."

"ಎಲ್ಲಾ ಹೇಳಿದ್ರಾ? ಅಗುಳೀದೂ ಹೇಳಿದ್ರಾ?"

"ಊಂ ಕಣಮ್ಮ. ಅಗುಳೀದೂ ಏಳಿದ್ರು. ಚೆನ್ನಾಗಿ ಬೈದು ಕಳ್ಸಿವ್ನಿ."

ಮೇಡಂ ಫೋನನ್ನು ಕೆಳಗಿಟ್ಟರು. "ಏನಂತ ಬೈದ್ಲು?" ಎಂದು ನನ್ನನ್ನು ಕೇಳಿದರು.

"ಎಲ್ಲಾ ಹೇಳ್ಬೇಕಾ ಮೇಡಂ?"

"ಒಂದಕ್ಷರ ಬಿಡ್ದಂಗೆ."

ಹೇಳಿದೆ. ಜವರಮ್ಮ ಹೇಗೆ ಹೇಳಿದ್ದಳೋ ಹಾಗೆಯೇ, ನೀನು ಎಂದದ್ದನ್ನು ನೀವು ಮಾಡದೆ, ಊರಿನವರು ಅವಳಿಗಿಟ್ಟ ಹೆಸರನ್ನೂ ಬಿಡದೆ. ಆ ಹೆಸರು ಕೇಳಿದಾಗ ಮೇಡಂ ಕಣ್ಣು ಮುಚ್ಚಿಕೊಂಡರು. ಅವರಿಗೂ ಅದು ಹೊಸದು. ಅತ್ತಿಗೆ ಬಂದು ಔಷಧಿ ಕೊಟ್ಟು ಹೋದರು.

"ಇಷ್ಟು ಬೈಯ್ಬೇಕಾದ್ರೆ ಅವಳಿಗೆ ನಿಮ್ಮ ಮೇಲೆ ಇನ್ನೂ ಒಂಚೂರು ನಂಬಿಕೆ ಉಳಿದೈತೆ" ಎಂದರು ಮೇಡಂ ಕೊನೆಗೆ.

"ನಿಮಗೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಅವರು ನನ್ನ ಮುಖವನ್ನು ಅಂದಿನ ಹಾಗೆಯೇ ಸ್ವಲ್ಪ ಹೊತ್ತು ನೋಡಿದರು. "ನಾನು ಇನ್ನೂ ಸ್ವಲ್ಪ ದಿವ್ಸ ನೋಡ್ತೀನಿ" ಎಂದರು.

ಅದಾಗಿ ಹತ್ತು ದಿನವೂ ಅವರು ಇರಲಿಲ್ಲ.